ಸ್ವೀಕರಿಸುವ ಕೈ

ದಕ್ಷಿಣೇಶ್ವರ ದೇವಾಲಯದ ನಹಬತ್ತಿನ, ಅಂದರೆ ವಾದ್ಯಮಂಟಪದ, ಪುಟ್ಟ ಕೋಣೆಯಲ್ಲಿ ಶಾರದಾದೇವಿಯವರು ವರ್ಷಗಟ್ಟಲೆ ಇದ್ದರು. ಬಾಗಿಲು ಎಷ್ಟು ಗಿಡ್ಡವೆಂದರೆ ಮೈಮರೆತು ಹೊಕ್ಕರೆ ತಲೆಗೆ ಪೆಟ್ಟು. ದಿನಸಿ, ಪಾತ್ರೆ, ನೆಲುವಿನ ಮಡಕೆ ಎಲ್ಲವೂ ಅಲ್ಲೇ. ನಸುಕಿಗೂ ಮೊದಲೇ ಗಂಗಾಸ್ನಾನ, ಯಾರ ಕಣ್ಣಿಗೂ ಬೀಳದ ಜಪ. ಬೆಳಕಾದರೆ ಶ್ರೀರಾಮಕೃಷ್ಣರಿಗೂ ಬಂದವರಿಗೂ ಅಡುಗೆ.

ಭೈರವಿ ಬ್ರಾಹ್ಮಣಿ ಎಂಬ ಸಾಧಕಿಯಿಂದ ತಂತ್ರಸಾಧನೆ ಕಲಿತಿದ್ದ ರಾಮಕೃಷ್ಣರು, ಫಲಹಾರಿಣೀ ಕಾಳೀಪೂಜೆಯ ಒಂದು ರಾತ್ರಿ ಪತ್ನಿ ಶಾರದಾದೇವಿಯವರನ್ನೇ ಪೀಠದಲ್ಲಿ ಕೂರಿಸಿ ಷೋಡಶಿ ದೇವಿಯಾಗಿ ಪೂಜಿಸಿದರು. ತಮ್ಮ ಸಾಧನೆಯ ಫಲವನ್ನೂ ಜಪಮಾಲೆಯನ್ನೂ ಅವರ ಪಾದಕ್ಕೆ ಅರ್ಪಿಸಿದರು. ಶಾರದಾದೇವಿಯವರು ಬೇಡವೆನ್ನಲಿಲ್ಲ. ಸೇವೆ, ಜಪಗಳಿಗಿಂತ ಹೀಗೆ ಸ್ವೀಕರಿಸುವುದೇ ಕಷ್ಟದ್ದು ಅಂತ ನನಗನ್ನಿಸುತ್ತದೆ. ಬಡಿಸಿ ರೂಢಿಯಾದವರಿಗೆ ಕೈಯೊಡ್ಡಲು ಸಂಕೋಚ; ಅದರಲ್ಲಿ ಒಂದಿಷ್ಟು ಅಹಂಕಾರವೂ ಇರುತ್ತದೆನ್ನಿ.

ಆ ಪೂಜೆಯ ನಂತರವೂ ಅವರಿಗೆ ಅದೇ ಜಪ, ಅದೇ ಒಲೆ. ಇವತ್ತು ನಿಮಗೂ ಯಾರಾದರೂ ಕಾಫಿ ಮಾಡಿಕೊಟ್ಟರೆ, ‘ನಿಮಗ್ಯಾಕೆ ತೊಂದರೆ’ ಎನ್ನದೆ ಕುಡಿಯಿರಿ.