ಚಳಿಗಾಲದ ಕಾಂಕ್ರೀಟು, ಹಳೇ ಮನೆ ಮತ್ತು ನಮ್ಮ ಜವಾಬ್ದಾರಿ

(ಕೊಳಾಲದಲ್ಲಿ ನಡೆದ ಸ್ವಸಹಾಯ ಸಂಘಗಳ ಸದಸ್ಯರು ಹಾಗೂ ಗಾರೆ ಕೆಲಸದವರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸುಗ್ಗಿ ಮುಗೀತಾ ಬಂತು. ರಾಗಿ ಕಣಕ್ಕೆ ಬಂದು, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ. ಮನೆ ರಿಪೇರಿ ಮಾತು ಎಲ್ಲರ ಬಾಯಲ್ಲೂ ಬರೋದು ಈಗಲೇ. ಮಳೆಗಾಲದಲ್ಲಿ ಸೋರಿದ ಮಾಳಿಗೆ, ಬಿರುಕು ಬಿಟ್ಟ ಗೋಡೆ, ಕುಸಿದ ಜಗಲಿ, ಇವನ್ನೆಲ್ಲಾ ಸಂಕ್ರಾಂತಿಯಿಂದ ಯುಗಾದಿ ಒಳಗೆ ಮುಗಿಸಿಬಿಡಬೇಕು ಅಂತ ಎಲ್ಲರಿಗೂ ಆಸೆ. ಸಂಘದ ಸಾಲದ ಅರ್ಜಿಗಳೂ ಈ ದಿನಗಳಲ್ಲೇ ಹೆಚ್ಚು. ಅದಕ್ಕೇ ಇವತ್ತು ನಾವು ಒಂದೇ ಒಂದು ವಿಷಯ ಮಾತಾಡೋಣ ಅಂತ ಬಂದಿದ್ದೇವೆ: ಚಳಿಗಾಲದಲ್ಲಿ ಹಳೇ ಮನೆಗೆ ಕಾಂಕ್ರೀಟು ಹಾಕೋದು.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಹಿಂದೊಂದು ಜನವರಿಯಲ್ಲಿ ಒಂದು ಕುಟುಂಬ ಸಾಲ ಪಡೆದು ಹಳೇ ಕಲ್ಲುಮಣ್ಣಿನ ಮನೆಯ ಮುಂಭಾಗಕ್ಕೆ ಸಜ್ಜೆ ಹಾಕಿಸಿತು. ಸೆಂಟ್ರಿಂಗ್ ಹಲಗೆ ಬಾಡಿಗೆಯದು. ಇನ್ನೊಂದು ಮನೆಗೆ ಬೇಕು ಅಂತ ಐದನೇ ದಿನವೇ ಆಧಾರ ಬಿಚ್ಚಿದರು. ಮಾರನೇ ಬೆಳಿಗ್ಗೆ ಸಜ್ಜೆ ಕೆಳಗೆ ಬಂತು. ಜಗಲಿ ಮೇಲೆ ಮಲಗಿದ್ದ ಅಜ್ಜಿ ಆಗತಾನೇ ಎದ್ದು ನೀರೊಲೆಗೆ ಬೆಂಕಿ ಹಾಕಲು ಹಿಂದಕ್ಕೆ ಹೋಗಿದ್ದರು. ದೇವರು ದೊಡ್ಡವನು, ಜೀವ ಉಳಿಯಿತು. ಆದರೆ ಸಾಲ ಉಳಿದೇ ಉಳಿಯಿತು. ಬಿದ್ದ ಸಜ್ಜೆಗೂ ಕಂತು ಕಟ್ಟಲೇಬೇಕಲ್ಲ! ನಾವು ಸಾಲದ ಕಾಗದ ನೋಡಿದ್ದೆವು, ಕಾಂಕ್ರೀಟು ನೋಡಿರಲಿಲ್ಲ. ಆಮೇಲೆ ತಿಳಿದವರನ್ನು ಕೇಳಿ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇವೆ.

ಕಾಂಕ್ರೀಟು ಒಣಗೋದಿಲ್ಲ, ಕುಡಿಯುತ್ತೆ

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತೆ ಅಂತ ನಾವೆಲ್ಲಾ ಅಂದುಕೊಂಡಿದ್ದೇವೆ. ಅದು ಸರಿಯಲ್ಲ. ಮಣ್ಣಿನ ಗೋಡೆ ಒಣಗಿ ಗಟ್ಟಿಯಾಗುತ್ತೆ, ಸಿಮೆಂಟು ಹಾಗಲ್ಲ. ಸಿಮೆಂಟಿನ ಪುಡಿ ನೀರಿನ ಜೊತೆ ಕೂಡಿ ಹೊಸ ಪದಾರ್ಥವಾಗಿ ಬೆಳೆಯುತ್ತಾ ಮರಳು ಜಲ್ಲಿಗಳನ್ನು ಹಿಡಿದುಕೊಳ್ಳುತ್ತೆ. ಈ ಕೆಲಸ ಒಂದು ದಿನದ್ದಲ್ಲ, ವಾರಗಟ್ಟಲೆ ನಡೆಯುತ್ತೆ. ಅಷ್ಟು ದಿನ ಅದಕ್ಕೆ ಎರಡು ಬೇಕು: ತೇವ ಮತ್ತು ಹದವಾದ ಬಿಸಿ. ತೇವ ಆರಿದರೆ ಬೆಳವಣಿಗೆ ನಿಲ್ಲುತ್ತೆ. ಚಳಿ ಹೆಚ್ಚಾದರೆ ನಿಧಾನವಾಗುತ್ತೆ. ಹಸಿ ಬಾಣಂತಿಯನ್ನು ಹೇಗೆ ನೋಡಿಕೊಳ್ಳುತ್ತೀವೋ ಹಸಿ ಕಾಂಕ್ರೀಟನ್ನೂ ಹಾಗೇ ನೋಡಿಕೊಳ್ಳಬೇಕು. ಮೊದಲ ದಿನಗಳ ಆರೈಕೆ ತಪ್ಪಿದರೆ ಆಮೇಲೆ ಏನು ಕೊಟ್ಟರೂ ಆ ನಷ್ಟ ಪೂರ್ತಿ ತುಂಬೋದಿಲ್ಲ.

ಹಿಮ ಬೀಳುವ ದೇಶಗಳಲ್ಲಿ ಈ ಕಷ್ಟ ನಮಗಿಂತ ಹೆಚ್ಚು. ಅಲ್ಲಿ 5 ಡಿಗ್ರಿಗಿಂತ ಕೆಳಗೆ ಇಳಿದರೆ ಕಾಂಕ್ರೀಟು ಗಟ್ಟಿಯಾಗುವ ಕೆಲಸ ತೀರಾ ನಿಧಾನವಾಗುತ್ತೆ. ಇನ್ನೂ ಇಳಿದು ಒಳಗಿನ ನೀರು ಹೆಪ್ಪುಗಟ್ಟಿದರೆ ಅದು ನೂರಕ್ಕೆ ಸುಮಾರು 9 ಪಾಲು ಹಿಗ್ಗಿ ಹಸಿ ಕಾಂಕ್ರೀಟನ್ನು ಒಳಗಿಂದಲೇ ಸೀಳುತ್ತೆ. ಅದಕ್ಕೇ ಅವರು ಬಿಸಿನೀರಿನಲ್ಲಿ ಕಲಸುತ್ತಾರೆ, ಹಾಕಿದ ಮೇಲೆ ಹುಲ್ಲು ಹೊದಿಸುತ್ತಾರೆ, ದಪ್ಪ ಕಂಬಳಿ ಹೊದಿಸುತ್ತಾರೆ. ಅಲ್ಲಿನ ಹಳೇ ಮನೆಗಳ ಮೆಟ್ಟಿಲು, ಪಾಯಗಳು ಪ್ರತಿ ಚಳಿಗಾಲ ಹೆಪ್ಪುಗಟ್ಟಿ ಕರಗಿ ಪದರ ಪದರವಾಗಿ ಎದ್ದು ಬರುತ್ತವೆ. ನಮ್ಮ ದೇಶದಲ್ಲೇ ಲಡಾಖಿನಂಥ ಕಡೆ ಕಟ್ಟಡದ ಕೆಲಸವೆಲ್ಲಾ ಹೆಚ್ಚಾಗಿ ಬೇಸಿಗೆಯ ಕೆಲವೇ ತಿಂಗಳುಗಳಲ್ಲಿ ಮುಗಿಯಬೇಕು.

ನಮ್ಮ ಕೊಳಾಲ, ಕೊರಟಗೆರೆ, ಮಧುಗಿರಿ ಕಡೆ ನೀರು ಹೆಪ್ಪುಗಟ್ಟೋದಿಲ್ಲ, ನಿಜ. ಹಾಗಂತ ನಮ್ಮ ಮಾಗಿ ಚಳಿಗೂ ಕಾಂಕ್ರೀಟಿಗೂ ಸಂಬಂಧ ಇಲ್ಲ ಅನ್ನಬೇಡಿ. ಇಲ್ಲಿ ಎರಡು ತಪ್ಪು ನಡೀತಾ ಇವೆ.

ಮೊದಲನೇ ತಪ್ಪು: ‘ಚಳಿ ಇದೆ, ನೀರು ಯಾಕೆ?’

ಬೇಸಿಗೆಯಲ್ಲಿ ಹೆದರಿಯಾದರೂ ನೀರು ಹಾಕ್ತೀವಿ. ಚಳಿಗಾಲದಲ್ಲಿ ಬೆಳಿಗ್ಗೆ ಇಬ್ಬನಿ ಬಿದ್ದಿರುತ್ತೆ, ಬಿಸಿಲು ಚುರುಕಿಲ್ಲ, ಅದಕ್ಕೆ ಎರಡು ದಿನ ಚಿಮುಕಿಸಿ ಬಿಟ್ಟುಬಿಡ್ತೀವಿ. ಆದರೆ ಮಾಗಿಯ ಗಾಳಿ ಒಣಗಾಳಿ. ನಮ್ಮ ತುಟಿ, ಹಿಮ್ಮಡಿ ಒಡೆಯೋದು ಈ ಕಾಲದಲ್ಲೇ ಅಲ್ಲವೇ? ಮೈ ಚರ್ಮದ ತೇವ ಎಳೆಯುವ ಗಾಳಿ ಕಾಂಕ್ರೀಟಿನ ತೇವವನ್ನು ಬಿಡುತ್ತದೆಯೇ?

2000ನೇ ಇಸವಿಯಲ್ಲಿ ಪ್ರಕಟವಾದ ಭಾರತೀಯ ಮಾನಕ ಐ.ಎಸ್. 456 ಸಾಮಾನ್ಯ ಸಿಮೆಂಟಿಗೆ ಕಡೇಪಕ್ಷ 7 ದಿನ, ಬೂದಿ ಬೆರೆಸಿದ ಪಿ.ಪಿ.ಸಿ. ಥರದ ಸಿಮೆಂಟಿಗೆ ಕಡೇಪಕ್ಷ 10 ದಿನ ಎಡೆಬಿಡದೆ ತೇವ ಇರಬೇಕು ಅಂತ ಹೇಳಿತು. ಪಿ.ಪಿ.ಸಿ.ಗೆ 14 ದಿನ ಕೊಟ್ಟರೆ ಇನ್ನೂ ಉತ್ತಮ. ಚೀಲದ ಮೇಲೆ ಓದಿ ನೋಡಿ, ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿ.ಪಿ.ಸಿ.ಯೇ. ಆದ್ದರಿಂದ ಎರಡು ವಾರ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

‘ಕುಡಿಯೋಕೇ ನೀರಿಲ್ಲ, ಮನೆಗೆ ಎಲ್ಲಿಂದ ತರೋಣ’ ಅಂತ ನೀವು ಕೇಳುವುದು ನ್ಯಾಯವೇ. ಶಿರಾ, ಪಾವಗಡ ಕಡೆಯ ತಾಯಂದಿರಿಗೆ ಈ ಕಷ್ಟ ನಾವು ಹೇಳಿಕೊಡಬೇಕಿಲ್ಲ. ಆದರೆ ಒಮ್ಮೆ ಲೆಕ್ಕ ಹಾಕೋಣ. 300 ಚದರಡಿ ಛಾವಣಿಯ ಅಂಚಿಗೆ ಮಣ್ಣಿನ ಬದು ಕಟ್ಟಿ ಒಂದು ಇಂಚು ನೀರು ನಿಲ್ಲಿಸಲು ಸುಮಾರು 700 ಲೀಟರು ಬೇಕು. ಅಂದರೆ 200 ಲೀಟರಿನ ಡ್ರಮ್ಮಿನಲ್ಲಿ ಮೂರೂವರೆ. ಆಮೇಲೆ ಆರಿದ್ದಕ್ಕೆ ದಿನಕ್ಕೊಂದು ಡ್ರಮ್ಮು ಅಂದುಕೊಂಡರೂ 14 ದಿನಕ್ಕೆ ಒಟ್ಟು 3,500 ಲೀಟರು. ಒಂದು ಟ್ಯಾಂಕರು ಸಾಕು! ಛಾವಣಿಗೆ ಹಾಕಿದ ಸಿಮೆಂಟು, ಕಬ್ಬಿಣ, ಕೂಲಿಯ ಮುಂದೆ ಒಂದು ಟ್ಯಾಂಕರು ನೀರು ಎಷ್ಟರದು? ಹಸಿ ಗೋಣಿಚೀಲ ಅಥವಾ ರಾಗಿ ಹುಲ್ಲು ಹರಡಿ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಇದಕ್ಕಿಂತ ಕಡಿಮೆ ನೀರಿನಲ್ಲೇ ಆಗುತ್ತೆ. ಹೊದಿಕೆಯಿಂದ ಇನ್ನೊಂದು ಲಾಭ, ರಾತ್ರಿಯ ಚಳಿಯೂ ತಡೆಯುತ್ತೆ. ಹಿಮದ ನಾಡಿನವರು ಬಿಸಿ ಉಳಿಸಲು ಹೊದಿಸುವುದನ್ನು ನಾವು ನೀರು ಉಳಿಸಲು ಹೊದಿಸೋಣ.

ಎರಡನೇ ತಪ್ಪು: ಬೇಸಿಗೆ ಲೆಕ್ಕದಲ್ಲಿ ಆಧಾರ ಬಿಚ್ಚೋದು

ಅದೇ ಮಾನಕದಲ್ಲಿ ಸೆಂಟ್ರಿಂಗ್ ಆಧಾರ ಎಷ್ಟು ದಿನ ಇರಬೇಕು ಅಂತಲೂ ಇದೆ. ನಾಲ್ಕೂವರೆ ಮೀಟರ್, ಅಂದರೆ ಸುಮಾರು 15 ಅಡಿಯೊಳಗಿನ ಅಗಲದ ಛಾವಣಿಗೆ 7 ದಿನ, ಅದಕ್ಕಿಂತ ಹೆಚ್ಚಿನದಕ್ಕೆ 14 ದಿನ. ಆದರೆ ಈ ಲೆಕ್ಕಕ್ಕೆ ಎರಡು ಷರತ್ತಿವೆ. ಒಂದು, ಅದು ಸಾಮಾನ್ಯ ಸಿಮೆಂಟಿಗೆ. ಎರಡು, ಹವೆ 15 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ನಮ್ಮಲ್ಲಿ ಡಿಸೆಂಬರ್, ಜನವರಿ ರಾತ್ರಿಗಳು 15 ಡಿಗ್ರಿ ಹತ್ತಿರಕ್ಕೆ ಬರುತ್ತವೆ, ಕೆಲವು ರಾತ್ರಿ ಅದಕ್ಕೂ ಕೆಳಗೆ ಹೋಗುತ್ತವೆ. ಜೊತೆಗೆ ಪಿ.ಪಿ.ಸಿ. ಮೊದಲ ದಿನಗಳಲ್ಲಿ ನಿಧಾನವಾಗಿ ಬಲ ಪಡೆಯುವ ಸಿಮೆಂಟು. ಎರಡೂ ಕೂಡಿದರೆ ಏಪ್ರಿಲ್ ತಿಂಗಳ ಏಳು ದಿನ ಜನವರಿಯ ಏಳು ದಿನ ಆಗೋದಿಲ್ಲ. ಚಳಿಗಾಲದಲ್ಲಿ ಸಣ್ಣ ಛಾವಣಿಯಾದರೂ ಎರಡು ವಾರ ಆಧಾರ ಬಿಡಿ. ಮೇಸ್ತ್ರಿಗಳೇ, ಬಾಡಿಗೆ ಏರುತ್ತೆ ಅನ್ನೋ ನಿಮ್ಮ ಸಂಕಟ ನಮಗೆ ಗೊತ್ತು. ಅದನ್ನು ಮನೆಯವರ ಹತ್ತಿರ ಮೊದಲೇ ಮಾತಾಡಿ.

ಸಜ್ಜೆಯ ವಿಷಯ ಬೇರೆಯೇ. ಅದು ಒಂದು ಕಡೆ ಮಾತ್ರ ಗೋಡೆ ಹಿಡಿದು ಗಾಳಿಯಲ್ಲಿ ನಿಂತಿರುತ್ತೆ. ಛಾವಣಿಯ ನಡುವೆ ಕಬ್ಬಿಣ ಕೆಳಭಾಗದಲ್ಲಿ ಇರಬೇಕು, ಸಜ್ಜೆಯಲ್ಲಿ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲಿ ಇರಬೇಕು. ಕಾಂಕ್ರೀಟು ಸುರಿಯುವಾಗ ಅದರ ಮೇಲೆ ನಡೆದಾಡಿ ತುಳಿದರೆ ಕಬ್ಬಿಣ ಕೆಳಗೆ ಕೂತುಬಿಡುತ್ತೆ. ಆಗ ಕಬ್ಬಿಣ ಇದ್ದೂ ಇಲ್ಲದ ಹಾಗೆ. ನಾವು ಹೇಳಿದ ಆ ಮನೆಯಲ್ಲಿ ಆಗಿದ್ದೂ ಇದೇ. ಸಜ್ಜೆಯ ಹಿಂಬದಿ ಗೋಡೆಯೊಳಗೆ ಹೋಗಿ, ಅದರ ಮೇಲೆ ಗೋಡೆಯ ಭಾರ ಕೂತ ಮೇಲೆಯೇ ಆಧಾರ ತೆಗೆಯಬೇಕು. ಹಳೇ ಮಣ್ಣುಗೋಡೆಗೆ ತೂತು ಕೊರೆದು ಸಿಕ್ಕಿಸಿದ ಸಜ್ಜೆಗೆ ನಂಬಿಕೆ ಇಲ್ಲ. ಅಂಥ ಕಡೆ ಎರಡು ಕಂಬ ನಿಲ್ಲಿಸಿ ಶೀಟು ಹಾಕೋದೇ ಮೇಲು.

ಹಳೇ ಗೋಡೆ ಎಷ್ಟು ಹೊರುತ್ತೆ?

ಇನ್ನೊಂದು ಮಾತು ಹೇಳದೆ ಹೋದರೆ ತಪ್ಪಾಗುತ್ತೆ. ನಮ್ಮ ಕಡೆಯ ಹಳೇ ಮನೆಗಳ ಗೋಡೆ ಮಣ್ಣಿನದು, ಇಲ್ಲವೇ ಮಣ್ಣಲ್ಲಿ ಕಟ್ಟಿದ ಕಲ್ಲಿನದು. ಮೇಲೆ ಕಲ್ಲುಚಪ್ಪಡಿ, ಇಲ್ಲವೇ ಜಂತೆ ಹಾಕಿ ಮಣ್ಣು ಹೊದಿಸಿದ ಮಾಳಿಗೆ. ಸೋರಿದಾಗಲೆಲ್ಲಾ ಮೇಲೆ ಮಣ್ಣು ಹಾಕಿದ್ದೇವೆ, ಈಗ ಅದರ ಮೇಲೆ ಕಾಂಕ್ರೀಟು ಸುರಿಸೋಣ ಅಂತೀವಿ. ನಾಲ್ಕು ಇಂಚಿನ ಕಾಂಕ್ರೀಟು 300 ಚದರಡಿಗೆ ಸುಮಾರು 7 ಟನ್ ತೂಗುತ್ತೆ. ಆ ಜಂತೆ, ಆ ಗೋಡೆ ಅದನ್ನು ಹೊರುತ್ತವೆಯೇ?

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಬೀದರ್ ಜಿಲ್ಲೆಯ ಪಕ್ಕದ ಲಾತೂರಿನ ಕಿಲ್ಲಾರಿ ಸುತ್ತಮುತ್ತ ಭೂಕಂಪ ಆಯಿತು. ಮಲಗಿದ್ದ ಸಾವಿರಾರು ಜನ ಸತ್ತರು. ಅಲ್ಲಿನ ಮನೆಗಳೂ ಮಣ್ಣಲ್ಲಿ ಕಟ್ಟಿದ ಕಲ್ಲುಗೋಡೆಯವೇ, ಮೇಲೆ ದಪ್ಪನೆಯ ಮಣ್ಣಿನ ಮಾಳಿಗೆ. ಗೋಡೆ ಬಿರಿದಾಗ ಮೇಲಿನ ಭಾರವೇ ಜನರ ಮೇಲೆ ಕುಸಿಯಿತು. ನಮ್ಮಲ್ಲಿ ಭೂಕಂಪದ ಭಯ ಅಷ್ಟಿಲ್ಲದಿರಬಹುದು, ಆದರೆ ಭಾರದ ಪಾಠ ಎಲ್ಲಾ ಊರಿಗೂ ಒಂದೇ.

ಇನ್ನೂ ಒಂದು ಅಪಾಯ ಇದೆ. ಕಾಂಕ್ರೀಟಿಗೆ ನಿಲ್ಲಿಸಿದ ನೀರು ಅಂಚಿನಲ್ಲಿ ಇಳಿದು ಮಣ್ಣಿನ ಗೋಡೆಯನ್ನೇ ನೆನೆಸುತ್ತೆ. ಮೇಲಿನದ್ದನ್ನು ಗಟ್ಟಿ ಮಾಡಲು ಹೋಗಿ ಕೆಳಗಿನದ್ದನ್ನು ಕರಗಿಸಿದ ಹಾಗೆ! ಆದ್ದರಿಂದ ಮಣ್ಣುಗೋಡೆಯ ಮನೆಗೆ ಆರ್.ಸಿ.ಸಿ. ಛಾವಣಿ ಬೇಕೇ ಬೇಕು ಅಂದರೆ ಅದಕ್ಕೆ ತನ್ನದೇ ಪಾಯ, ತನ್ನದೇ ಕಂಬ ಬೇಕು. ಇಂಜಿನಿಯರನ್ನು ಕರೆಸಿ ತೋರಿಸಿ. ಅಷ್ಟು ಹಣ ಇಲ್ಲದಿದ್ದರೆ ಹಳೇ ಮಣ್ಣಿನ ಪದರ ತೆಗೆದು ಭಾರ ಇಳಿಸಿ, ಹೆಂಚು ಅಥವಾ ಶೀಟು ಹಾಕಿ. ಅದರಲ್ಲಿ ಅವಮಾನ ಏನೂ ಇಲ್ಲ. ಹಳೇ ಮನೆಯಲ್ಲಿ ಕಾಂಕ್ರೀಟಿಗೆ ತಕ್ಕ ಜಾಗಗಳು ಬೇರೆ ಇವೆ: ಜಗಲಿ, ಬಚ್ಚಲಿನ ನೆಲ, ಗೋಡೆ ಬುಡಕ್ಕೆ ಮಳೆನೀರು ಇಳಿಯದಂತೆ ಸುತ್ತ ಇಳಿಜಾರು ಕಟ್ಟೆ. ಈ ಕಟ್ಟೆಯೊಂದು ಮಾಡಿಸಿದರೆ ಎಷ್ಟೋ ಮಣ್ಣುಗೋಡೆಗಳ ಆಯಸ್ಸು ಹೆಚ್ಚುತ್ತೆ.

ಕಲಸುವಾಗ ನೆನಪಿರಲಿ

ಆರ್.ಸಿ.ಸಿ. ಕೆಲಸಕ್ಕೆ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. 50 ಕೆಜಿ ಚೀಲಕ್ಕೆ ನೀರು 30 ಲೀಟರು ಮೀರಬಾರದು. ಇಬ್ಬನಿಯಲ್ಲಿ ನೆನೆದ ಮರಳಾದರೆ ಇನ್ನೂ ಕಡಿಮೆ. ಮುದ್ದೆಗೆ ಎಸರು ಜಾಸ್ತಿಯಾದರೆ ಅಂಬಲಿ ಆಗುತ್ತೆ, ಕಾಂಕ್ರೀಟೂ ಅಷ್ಟೇ. ಕಲಸುವಾಗ ನೀರು ಕಡಿಮೆ, ಹಾಕಿದ ಮೇಲೆ ನೀರು ಧಾರಾಳ. ನಾವು ಮಾಡ್ತಿರೋದು ಇದರ ತಿರುಗುಮುರುಗು.

ನೀರು ಕುಡಿಯಲು ಯೋಗ್ಯವಾಗಿದ್ದರೆ ಕಾಂಕ್ರೀಟಿಗೂ ಯೋಗ್ಯ. ಉಪ್ಪುಪ್ಪು ಇರುವ ಬೋರ್‌ವೆಲ್ ನೀರು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತೆ. ಚಳಿ ದೇಶಗಳಲ್ಲಿ ಕಾಂಕ್ರೀಟು ಬೇಗ ಗಟ್ಟಿಯಾಗಲಿ ಅಂತ ಹಿಂದೆ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು ಬೆರೆಸುತ್ತಿದ್ದರು. ಕಬ್ಬಿಣ ತುಕ್ಕು ಹಿಡಿಯುವುದನ್ನು ಕಂಡ ಮೇಲೆ ಕಬ್ಬಿಣದ ಕೆಲಸಕ್ಕೆ ಅದನ್ನು ಬಿಟ್ಟರು. ಅವರು ಅವಸರಕ್ಕೆ ಬೆರೆಸಿದ್ದನ್ನು ನಾವು ಅರಿಯದೆ ಬೆರೆಸುವುದು ಬೇಡ.

ಕೊನೆಯದಾಗಿ

ಬಂಧುಗಳೇ, ಇನ್ನು ಮುಂದೆ ಮನೆ ರಿಪೇರಿ ಸಾಲದ ಅರ್ಜಿಯಲ್ಲಿ ಸಿಮೆಂಟು, ಕಬ್ಬಿಣ, ಕೂಲಿಯ ಜೊತೆ ಮೂರು ಸಾಲು ಹೆಚ್ಚಾಗಿ ಬರೆಯಿರಿ ಅಂತ ನಾವು ಕೇಳಿಕೊಳ್ಳುತ್ತೇವೆ: ನೀರಿನ ಟ್ಯಾಂಕರಿನ ಖರ್ಚು, ಗೋಣಿಚೀಲ ಮತ್ತು ಪ್ಲಾಸ್ಟಿಕ್ ಹಾಳೆಯ ಖರ್ಚು, ಎರಡು ವಾರದ ಸೆಂಟ್ರಿಂಗ್ ಬಾಡಿಗೆ. ಇವು ದಂಡದ ಖರ್ಚಲ್ಲ, ಮನೆಯ ಬಲ. ಗೋಡೆಯನ್ನು ನೋಡದೆ ನಾವೂ ಇನ್ನು ಸಾಲ ಮಂಜೂರು ಮಾಡೋದಿಲ್ಲ.

ಸಂಘದ ತಾಯಂದಿರಿಗೆ ಒಂದು ವಿನಂತಿ. ನಿಮ್ಮ ಸಂಘದ ಯಾರದೇ ಮನೆಯಲ್ಲಿ ಕಾಂಕ್ರೀಟು ಹಾಕಿದರೆ ಸರದಿ ಮಾಡಿಕೊಂಡು ಹದಿನಾಲ್ಕು ದಿನ ಹೋಗಿ ಗೋಣಿಚೀಲ ಮುಟ್ಟಿ ನೋಡಿ. ಹಸಿ ಇದ್ದರೆ ಸಂತೋಷ. ಒಣಗಿದ್ದರೆ ಒಂದು ಬಿಂದಿಗೆ ನೀರು ನೀವೇ ಹಾಕಿ ಬನ್ನಿ. ಸಾಲಕ್ಕೆ ಎಲ್ಲರೂ ಜಾಮೀನು ನಿಲ್ಲುತ್ತೀರಿ, ಮನೆಗೂ ಹಾಗೇ ಜಾಮೀನು ನಿಲ್ಲಿ. ಆ ಅಜ್ಜಿ ಆ ಬೆಳಿಗ್ಗೆ ಬೇಗ ಎದ್ದದ್ದರಿಂದ ಉಳಿದರು. ಇನ್ನೊಬ್ಬ ಅಜ್ಜಿ ನಿಶ್ಚಿಂತೆಯಿಂದ ಮಲಗುವಂತಾಗಲಿ.