ಬೆಳಕು ಬೀರುವ ಸಾವಯವ ಗಾಜು

ಕಲ್ಲುಸಕ್ಕರೆಯ ಒಂದು ಹರಳನ್ನೂ ಪಾರದರ್ಶಕವಾದ ಬಣ್ಣದ ಪೆಪ್ಪರಮೆಂಟನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಇರುವುದು ಬಹುಪಾಲು ಸಕ್ಕರೆಯೇ. ಕಲ್ಲುಸಕ್ಕರೆಯಲ್ಲಿ ಅಣುಗಳು ಸಾಲುಗಟ್ಟಿ ಕುಳಿತಿವೆ, ಅದು ಸ್ಫಟಿಕ. ಪೆಪ್ಪರಮೆಂಟಿನಲ್ಲಿ ಕಾದ ಪಾಕ ಬೇಗ ತಣಿದದ್ದರಿಂದ ಅಣುಗಳು ಸಾಲು ಸೇರುವ ಮೊದಲೇ ಇದ್ದಲ್ಲಿಯೇ ನಿಂತುಬಿಟ್ಟಿವೆ. ವಿಜ್ಞಾನಿಗಳು ಗಾಜು ಎನ್ನುವುದು ಈ ಸ್ಥಿತಿಯನ್ನೇ. ಕಿಟಕಿಯ ಗಾಜಿಗೆ ಮರಳು ಬೇಕು. ಇಂಗಾಲವುಳ್ಳ ಸಾವಯವ ಅಣುಗಳಿಂದಲೂ ಗಾಜನ್ನು ಮಾಡಬಹುದು. ಅಂಥ ಗಾಜಿನ ತೆಳುಪದರಗಳೇ ಇಂದು ಓಎಲ್‌ಇಡಿ ಪರದೆಯ ಮೊಬೈಲಿನಲ್ಲಿ, ಟಿ.ವಿ.ಯಲ್ಲಿ ಬೆಳಗುತ್ತಿವೆ.

ಸಾವಯವ ವಸ್ತುವಿನಿಂದ ಬೆಳಕು ಪಡೆಯುವ ಪ್ರಯತ್ನ ಹಳೆಯದು. 1963ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಟಿನ್ ಪೋಪ್ ಮತ್ತು ಸಂಗಡಿಗರು ಆಂಥ್ರಸೀನ್ ಸ್ಫಟಿಕವನ್ನು ಬೆಳಗಿಸಿದರು. ಅದಕ್ಕೆ ನೂರಾರು ವೋಲ್ಟ್ ಬೇಕಾಯಿತು. 1987ರಲ್ಲಿ ಈಸ್ಟ್‌ಮನ್ ಕೊಡಾಕ್ ಕಂಪೆನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಸ್ಫಟಿಕವನ್ನು ಬಿಟ್ಟು, ನಿರ್ವಾತದಲ್ಲಿ ಎರಡು ಸಾವಯವ ಪದರಗಳನ್ನು ಒಂದರ ಮೇಲೊಂದು ಹರಡಿದರು. ಎರಡೂ ಸೇರಿ 150 ನ್ಯಾನೋಮೀಟರ್ ದಪ್ಪವೂ ಇಲ್ಲ, ಅಂದರೆ ಕೂದಲೆಳೆಯ ನೂರರಲ್ಲೊಂದು ಪಾಲಿಗಿಂತ ತೆಳು. ಒಂದು ಬದಿಯಿಂದ ಎಲೆಕ್ಟ್ರಾನುಗಳು, ಇನ್ನೊಂದು ಬದಿಯಿಂದ ಎಲೆಕ್ಟ್ರಾನ್ ತೆರವಾದ ಸ್ಥಾನಗಳು ಸಾಗಿಬಂದು, ಪದರಗಳು ಕೂಡುವಲ್ಲಿ ಸಂಧಿಸಿ ಹಸಿರು ಬೆಳಕು ಹೊಮ್ಮಿತು. 10 ವೋಲ್ಟಿಗಿಂತ ಕಡಿಮೆ ಸಾಕಾಯಿತು!

ಆದರೆ ಅವ್ಯವಸ್ಥೆಯಲ್ಲಿರುವ ಅಣುಗಳಿಗೆ ವ್ಯವಸ್ಥೆಯ ಸೆಳೆತ ಇದ್ದೇ ಇದೆ. ಹಳೆಯ ಪೆಪ್ಪರಮೆಂಟು ಮಳೆಗಾಲದಲ್ಲಿ ಅಂಟಂಟಾಗಿ, ಆಮೇಲೆ ಮಬ್ಬಾಗಿ ಹರಳುಗಟ್ಟುವುದನ್ನು ನೀವು ನೋಡಿರಬಹುದು. ಇಷ್ಟು ತೆಳುವಾದ ಪದರದಲ್ಲಿ ಹರಳು ಮೂಡಿದರೆ ಅದು ಏರುಪೇರಾಗುತ್ತದೆ, ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ. ಆರಂಭದಲ್ಲಿ ಹೆಚ್ಚು ಬಳಕೆಯಲ್ಲಿದ್ದ ಟಿಪಿಡಿ ಎಂಬ ವಸ್ತು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಸಡಿಲವಾಗುತ್ತಿತ್ತು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಕಾವು ಏರುವುದು ಹೊಸದಲ್ಲ. ಈ ಪರದೆ 1997ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದಾದರೋ ಪಯೋನಿಯರ್ ಕಂಪೆನಿಯ ಕಾರ್ ಸ್ಟೀರಿಯೋದಲ್ಲಿ!

ಪರಿಹಾರ ಅಣುವಿನ ಆಕಾರದಲ್ಲೇ ಇತ್ತು. ಒಸಾಕಾದಲ್ಲಿ ಯಾಸುಹಿಕೊ ಶಿರೋಟಾ ಮತ್ತು ಸಂಗಡಿಗರು ನಕ್ಷತ್ರದಂತೆ ಕೈಚಾಚಿದ ದೊಡ್ಡ ಅಣುಗಳನ್ನು ರಚಿಸಿದರು. ಬಿಚ್ಚಿದ ಕೊಡೆ ಹಿಡಿದವರು ಒತ್ತೊತ್ತಾಗಿ ಸಾಲು ನಿಲ್ಲಲಾರರಷ್ಟೆ. ಇಂಥ ಅಣುಗಳು 100 ಡಿಗ್ರಿ ದಾಟಿದರೂ ಗಾಜಾಗಿಯೇ ಉಳಿಯುವಂತೆ ಮಾಡಲು ಸಾಧ್ಯವಾಯಿತು.

ಚಿತ್ರೀಕರಣದ ಕೆಲಸ ಮಾಡುವ ನನಗೆ ಈ ಪರದೆಯಲ್ಲಿ ಮೆಚ್ಚುಗೆಯಾಗುವುದು ಬಣ್ಣವಲ್ಲ, ಕಪ್ಪು. ಎಲ್‌ಸಿಡಿಯಲ್ಲಿ ಹಿಂದೆ ದೀಪ ಉರಿಯುತ್ತಿರುವುದರಿಂದ ಅಮಾವಾಸ್ಯೆಯ ರಾತ್ರಿಯೂ ಬೂದುಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಆರಿದರೆ ಅಲ್ಲಿ ಬೆಳಕೇ ಇಲ್ಲ.

ನೀಲಿಯ ತೊಡಕು ಮಾತ್ರ ಉಳಿದಿದೆ. ನೀಲಿ ಬೆಳಕಿಗೆ ಹೆಚ್ಚು ಶಕ್ತಿ ಬೇಕು. ಆ ಶಕ್ತಿಯೇ ಅಣುವಿನ ಬಂಧಗಳನ್ನು ಮುರಿಯಬಲ್ಲದು. ಆದ್ದರಿಂದ ನೀಲಿಗೆ ಆಯುಸ್ಸು ಕಡಿಮೆ. ಚುಕ್ಕೆಗಳು ಹೀಗೆ ಬಳಸಿದಷ್ಟೂ ಸವೆಯುವುದರಿಂದ, ಒಂದೇ ಚಾನೆಲನ್ನು ವರ್ಷಗಟ್ಟಲೆ ನೋಡುವ ಮನೆಯ ಪರದೆಯಲ್ಲಿ ಮೂಲೆಯ ಲಾಂಛನ ನೆರಳಾಗಿ ಉಳಿದುಬಿಡಬಹುದು. ನಮ್ಮ ಲಾಂಛನವೂ ಇದಕ್ಕೆ ಹೊರತಲ್ಲ.