ಹೋದಾಗ ಒಂದು ಪೆಟ್ಟು, ಬಂದಾಗ ಎರಡು

(ಮುಳಬಾಗಿಲಿನಲ್ಲಿ ಕನ್ನಡ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ನಾನು ಭಾಷಣಕಾರನಲ್ಲ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಓದಿದ್ದು ಪಿಯುಸಿ. ಕೋಲಾರ, ಮಾಲೂರು, ಶ್ರೀನಿವಾಸಪುರ, ಎಲ್ಲ ಕಡೆಯೂ ಹೊರದೇಶಕ್ಕೆ ಹೊರಟ ಮಕ್ಕಳಿದ್ದಾರೆ. ನಿಮ್ಮ ಮಗನಿಗೆ ಸೂಟ್‌ಕೇಸು ಕೊಡಿಸಿದ್ದೀರಿ, ಉಪ್ಪಿನಕಾಯಿ ಕಟ್ಟಿದ್ದೀರಿ. ಅಲ್ಲಿ ಮನಸ್ಸಿಗೆ ಬೀಳುವ ಪೆಟ್ಟಿನ ಬಗ್ಗೆ ಒಂದು ಮಾತಾದರೂ ಹೇಳಿದ್ದೀರಾ? ನನಗೆ ಯಾರೂ ಹೇಳಲಿಲ್ಲ.

2001ರ ಫೆಬ್ರವರಿ 28ಕ್ಕೆ ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿತು. ಕೆಲಸ ಹುಡುಕುವವರ ಸಾಲು ಉದ್ದವಾಯಿತು. 2003ರಲ್ಲಿ ನಾನು ಸಾಲ ಮಾಡಿ ಶಾರ್ಜಾಕ್ಕೆ ಹೋದೆ, ಆಫ್‌ಸೆಟ್ ಯಂತ್ರದ ಕೆಲಸಕ್ಕೆ. ಮೊದಲ ವಾರವೇ 200 ಅರಬ್ಬಿ ಬಿಲ್ ಪುಸ್ತಕಗಳಿಗೆ ಎಡಗಡೆ ಪಿನ್ ಹೊಡೆದು ಬೈಂಡ್ ಮಾಡಿಟ್ಟೆ. ಅರಬ್ಬಿ ಬಲದಿಂದ ಎಡಕ್ಕೆ ಓದುವ ಭಾಷೆ, ಪುಸ್ತಕದ ಬೆನ್ನು ಬಲಗಡೆ. ನಮ್ಮ ಕೊನೆಯ ಪುಟವೇ ಅವರ ಮೊದಲ ಪುಟ! ಸಂಬಳದಲ್ಲಿ ಹಣ ಹಿಡಿದರು. ಅದಕ್ಕಿಂತ ನೋವಾದದ್ದು, ಏಳು ವರ್ಷ ಕಲಿತ ಕೈಗಳೇ ದಡ್ಡ ಕೈಗಳಾದವಲ್ಲ ಎಂದು.

ಕೋಣೆಯಲ್ಲಿ ಎಂಟು ಜನ. ನನ್ನದು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನಮ್ಮ ಗಡಿಯಲ್ಲಿ ಇದೇನು ಹೊಸದಲ್ಲ. ಚಿತ್ತೂರು, ಕಡಪ ಕಡೆಯ ಹುಡುಗರು ತಮ್ಮವನೆಂದೇ ಸೇರಿಸಿಕೊಂಡರು, ಅನ್ನ ಹಾಕಿದರು. ಆ ಋಣ ದೊಡ್ಡದು. ಆದರೆ ಒಂದು ರಾತ್ರಿ ಕನಸಿನಲ್ಲಿ ಕಾಗದ ಎಣಿಸುತ್ತಿದ್ದೆ, ಒಂದು, ಎರಡು, ಮೂರು ಎಂದು ಕನ್ನಡದಲ್ಲಿ. ಎಚ್ಚರವಾದಾಗ ಅದನ್ನು ಹೇಳಿಕೊಳ್ಳಲು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ನಾನು ಕನ್ನಡಿಗ ಎಂದು ನನಗೆ ಗೊತ್ತಾದದ್ದು ಮುಳಬಾಗಿಲಿನಲ್ಲಲ್ಲ ಸ್ವಾಮಿ, ಶಾರ್ಜಾದಲ್ಲಿ!

ಆರು ತಿಂಗಳಾದ ಮೇಲೆ ಮಂಗಳೂರಿನ ಅಡುಗೆಯವರೊಬ್ಬರು ರಾಜ್ಯೋತ್ಸವಕ್ಕೆ ಕರೆದೊಯ್ದರು. ನನ್ನ ಕನ್ನಡ ಕೇಳಿ ಅವರಿಗೆ ನಗು, ಅವರದು ಕೇಳಿ ನನಗೆ ನಗು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಈ ಸಂಕಟಕ್ಕೆ ಕಲ್ಚರ್ ಶಾಕ್ ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಮುಖ್ಯರು ಮಾನವಶಾಸ್ತ್ರಜ್ಞ ಕಾಲೆರ್ವೊ ಒಬರ್ಗ್, 1960ರ ಲೇಖನದಲ್ಲಿ. ಮೊದಲು ಎಲ್ಲವೂ ಚಂದ, ಆಮೇಲೆ ಎಲ್ಲದರ ಮೇಲೂ ಸಿಟ್ಟು, ಆಮೇಲೆ ನಿಧಾನವಾಗಿ ಹೊಂದಿಕೆ. ಊರಿಗೆ ಮರಳಿದವರಿಗೂ ಇದೇ ಏರಿಳಿತ ಮತ್ತೊಮ್ಮೆ ಬರುತ್ತದೆಂದು 1963ರಲ್ಲಿ ಗಲ್ಲಾಹಾರ್ನ್ ಎಂಬಿಬ್ಬರು ಬರೆದರು. ಇದು ನನಗೆ ತಿಳಿದದ್ದು ಬಹಳ ತಡವಾಗಿ.

2007ರಲ್ಲಿ ವಾಪಸ್ ಬಂದು ಇಲ್ಲಿ ಪ್ರೆಸ್ ತೆರೆದೆ. ಅಲ್ಲಿ ನಮಗೆ ಶುಕ್ರವಾರ ರಜೆ. ಇಲ್ಲಿಯೂ ಶುಕ್ರವಾರ ಬೆಳಿಗ್ಗೆ ಕಾಲು ಏಳುತ್ತಿರಲಿಲ್ಲ. ಕರೆಂಟು ಹೋದರೆ ಸಿಟ್ಟು, ಸಾಲು ಮುರಿದರೆ ಸಿಟ್ಟು. ಬಾಯಿ ತೆರೆದರೆ ‘ಅಲ್ಲಿ ಹೀಗಲ್ಲ’ ಎಂಬ ಮಾತೇ. ಒಂದು ದಿನ ಅಪ್ಪ, ‘ಹಾಗಾದರೆ ಅಲ್ಲೇ ಇರಬೇಕಿತ್ತು’ ಎಂದುಬಿಟ್ಟರು. ಊರಿನವರೆಲ್ಲ ಕೇಳಿದ್ದು ಎಷ್ಟು ತಂದೆ ಎಂದು. ತಂದದ್ದು ಸಾಲ ತೀರಿಸಿ ತಂಗಿಯ ಮದುವೆಗೆ ಸರಿಹೋಯಿತು ಎಂದು ಹೇಳಲು ನಾಚಿಕೆ. ಅಪ್ಪ 2009ರಲ್ಲಿ ತೀರಿಕೊಂಡರು. ಆ ಎರಡು ವರ್ಷದಲ್ಲಿ ಒಂದು ವರ್ಷ ನಾವು ಮಾತೇ ಆಡಲಿಲ್ಲ.

ಇಂದು ಬರುವ ಹುಡುಗರಿಗೆ ಊರೂ ಗುರುತು ಸಿಗುವುದಿಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಒಣ ಕೆರೆಗಳಿಗೆ ಹರಿಯುತ್ತಿದೆ. ನರಸಾಪುರದ ಹೊಲಗಳಲ್ಲಿ ಕಾರ್ಖಾನೆ ಎದ್ದಿವೆ. ಅಮೆರಿಕದಿಂದ ಬಂದವರೊಬ್ಬರು ಮಗುವಿನ ನಾಮಕರಣದ ಪತ್ರಿಕೆಯನ್ನು ಇಂಗ್ಲಿಷಿನಲ್ಲೇ ಹಾಕಿಸಿದರು. ಶ್ರೀನಿವಾಸಪುರದ ಅಜ್ಜಿ ಅದನ್ನು ತಲೆಕೆಳಗಾಗಿ ಹಿಡಿದು ನೋಡಿದ್ದನ್ನು ನಾನೇ ಕಂಡೆ. ಹಿಂಬದಿಗೆ ಕನ್ನಡದಲ್ಲೂ ಅಚ್ಚು ಹಾಕಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಹೋಗುವವರೇ, ಆ ಊರಿನ ಕನ್ನಡ ಸಂಘವನ್ನು ಮೊದಲ ರಜೆಯ ದಿನವೇ ಹುಡುಕಿ, ನನ್ನಂತೆ ಆರು ತಿಂಗಳು ಕಾಯಬೇಡಿ. ದುಬೈನಲ್ಲಿ ಮಕ್ಕಳಿಗೆ ಕನ್ನಡ ಪಾಠಶಾಲೆಯೇ ಇದೆ. ಪಾಸ್‌ಪೋರ್ಟನ್ನು ಮಾಲೀಕರ ಕೈಗೆ ಕೊಡಬೇಡಿ. ತಂದೆತಾಯಿಗಳೇ, ಬಂದ ಮಗನನ್ನು ಎಷ್ಟು ತಂದೆ ಎಂದು ಕೇಳುವ ಮೊದಲು ಅಲ್ಲಿ ಏನೇನು ಎಡವಟ್ಟು ಮಾಡಿಕೊಂಡೆ ಎಂದು ಕೇಳಿ. ಅವನು ‘ಅಲ್ಲಿ, ಅಲ್ಲಿ’ ಎಂದರೆ ಒಂದಾರು ತಿಂಗಳು ತಡೆದುಕೊಳ್ಳಿ.

ತಪ್ಪು ಬೈಂಡ್ ಮಾಡಿದ ಒಂದು ಬಿಲ್ ಪುಸ್ತಕ ಇನ್ನೂ ನನ್ನ ಮೇಜಿನ ಮೇಲಿದೆ. ಹೊರಡುವ ಹುಡುಗರು ಪ್ರೆಸ್ಸಿಗೆ ಬಂದು ನೋಡಬಹುದು. ಭಾನುವಾರ ಬಾಗಿಲು ಹಾಕಿರುತ್ತೇನೆ. ಶುಕ್ರವಾರ ತೆರೆದಿರುತ್ತದೆ.